ದಿವಾನದೊಳಗಿನ ಒಂಬತ್ತು ನೋಟು

ಫೆಬ್ರವರಿ ಬಂತೆಂದರೆ ಬ್ಯೂನಸ್ ಐರಿಸ್‌ನ ಮನಸ್ಸಿಗೆ ರಜೆ. ಊರಿನ ಥೆರಪಿಸ್ಟುಗಳೆಲ್ಲ ಒಟ್ಟಿಗೆ ಬಾಗಿಲು ಹಾಕಿಕೊಂಡು ಸಮುದ್ರದ ಕಡೆ ಹೋಗುತ್ತಾರೆ. ಅವರ ಹಿಂದೆಯೇ ಪೇಷೆಂಟುಗಳೂ ಹೋಗುತ್ತಾರೆ. ಮಾರ್ಚ್ ಹುಟ್ಟುವ ತನಕ ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವ ಹಾಗಿಲ್ಲ. ಇರ್ಮಾ ಬ್ರುಸ್ಕೊಳ ಹಿತ್ತಾಳೆ ಫಲಕ ಕಳುವಾದದ್ದು ಆ ರಜೆಯಲ್ಲೇ.

ಅಲ್ಮಾಗ್ರೊ ಬಡಾವಣೆಯ ಹಳೇ ಕಟ್ಟಡದ ಬಾಗಿಲ ಪಕ್ಕ ಮೂವತ್ತೆಂಟು ವರ್ಷ ಇದ್ದ ಫಲಕ ಅದು. 'ಇರ್ಮಾ ಬ್ರುಸ್ಕೊ, ಮನಶ್ಶಾಸ್ತ್ರಜ್ಞೆ, ಎರಡನೇ ಮಹಡಿ, ಬೆಲ್ ಒತ್ತಿ' ಎಂದು ಅದರ ಮೇಲೆ ಕೆತ್ತಿತ್ತು. ಅಕ್ಷರಗಳನ್ನು ಬರೆದುಕೊಟ್ಟವನು ಅವಳ ಗಂಡ ಇಟಾಲೊ, ಪ್ರೆಸ್ಸಿನಲ್ಲಿ ಅಚ್ಚಿನಮೊಳೆ ಜೋಡಿಸುತ್ತಿದ್ದವನು. ಪ್ರತಿ ಸೋಮವಾರ ಇರ್ಮಾ ನಿಂಬೆ ಹೋಳಿನಿಂದ ಅದನ್ನು ಉಜ್ಜುತ್ತಿದ್ದಳು. ಮಾರ್ಚ್ ನಾಲ್ಕರಂದು ನಿಂಬೆ ಹಿಡಿದು ಬಂದವಳಿಗೆ ಗೋಡೆಯಲ್ಲಿ ನಾಲ್ಕು ಸ್ಕ್ರೂ ತೂತುಗಳಷ್ಟೇ ಸಿಕ್ಕವು. ನಿಂಬೆಹಣ್ಣನ್ನು ಮೇಲೆ ಒಯ್ದು ಚಹಾಕ್ಕೆ ಹಿಂಡಿಕೊಂಡು ಕುಡಿದಳು. ಇಟಾಲೊ ಹೋಗಿ ಹದಿಮೂರು ವರ್ಷವಾಗಿತ್ತು. ಈಗ ಅವನ ಅಕ್ಷರವೂ ಹೋಯಿತಲ್ಲ ಎಂದುಕೊಂಡಳು.

ಅದಾದ ಮೇಲೆ ಇನ್ನೊಂದು ಏಟು. ರಜೆ ಮುಗಿಸಿ ವಾಪಸು ಬಂದ ಪೇಷೆಂಟುಗಳು ಐದೇ ಐದು ಜನ. ಕೆಲವರು ಮೊಬೈಲಿನಲ್ಲೇ ಮನಸ್ಸು ತೋಡಿಕೊಳ್ಳುವುದನ್ನು ಕಲಿತಿದ್ದರು, ಕೆಲವರಿಗೆ ಫೀಸು ಕಟ್ಟುವ ತ್ರಾಣ ಉಳಿದಿರಲಿಲ್ಲ, ಇಬ್ಬರು ಸತ್ತೇ ಹೋಗಿದ್ದರು. ಅವಳು ಪೇಷೆಂಟುಗಳನ್ನು ನೋಡುತ್ತಿದ್ದ ಎರಡು ಕೋಣೆಗಳ ಬಾಡಿಗೆ ಕರಾರು ಏಪ್ರಿಲ್ ಕೊನೆಗೆ ಮುಗಿಯುವುದಿತ್ತು, ಮನೆ ಒಡತಿ ದರ ಏರಿಸಿ ಕೂತಿದ್ದಳು. ಬೆರಳು ಮಡಿಚಿ ಲೆಕ್ಕ ಹಾಕಿದರೆ ಕಡಿಮೆಯೆಂದರೂ ಎಂಟು ಜನ ಬೇಕು. ಎಂಟು ಆಗದಿದ್ದರೆ ಪೇಷೆಂಟುಗಳು ಮಲಗಿ ಮಾತಾಡುವ ದಿವಾನ ಮಾರಿ, ಪುಸ್ತಕ ಹಂಚಿ, ಅರವತ್ತೆಂಟನೇ ವಯಸ್ಸಿಗೆ ಮನೆಯಲ್ಲಿ ಕೂತು ಟೀವಿ ನೋಡಬೇಕು. ಆ ಕೋಣೆ ಬಿಟ್ಟು ತನಗೆ ಇನ್ನೆಲ್ಲೂ ಹೇಗೆ ಕೂರಬೇಕೆಂದೇ ಗೊತ್ತಿಲ್ಲ ಎಂಬುದು ಇರ್ಮಾಳಿಗೆ ಆ ಮಾರ್ಚಿನಲ್ಲಿ ಅರ್ಥವಾಯಿತು.

ಮೂರನೇ ಮಹಡಿಯ ಮಿಲಾ ಮೆಟ್ಟಿಲ ಮೇಲೆ ಸಿಕ್ಕಿದಾಗ ವಿಷಯ ಕೇಳಿ ಒಂದೇ ಮಾತು ಹೇಳಿದಳು. ಮಿಲಾಗೆ ಇಪ್ಪತ್ತೇಳು, ವೆಬ್‌ಸೈಟ್ ಮಾಡಿಕೊಡುವುದೇ ಅವಳ ಹೊಟ್ಟೆಪಾಡು.

"ಈಗ ಯಾರು ಗೋಡೆ ನೋಡ್ಕೊಂಡು ಬರ್ತಾರೆ ಇರ್ಮಾ? ಫೋನ್ ನೋಡ್ಕೊಂಡು ಬರ್ತಾರೆ. ನಿಮಗೆ ಬೇಕಾಗಿರೋದು ಹಿತ್ತಾಳೆ ಅಲ್ಲ, ವೆಬ್‌ಸೈಟು."

"ನಿನ್ನ ಥೆರಪಿಸ್ಟಿಗೆ ಇದೆಯೇನು?"

"ನಾನೇ ಮಾಡಿಕೊಟ್ಟೆ. ಆರು ತಿಂಗಳ ಸೆಷನ್ ಫೀಸಿಗೆ ವಜಾ ಆಯ್ತು. ಅಪ್ಪನ ವಿಷಯ ಮುಗೀತು, ಅಮ್ಮನ ವಿಷಯಕ್ಕೆ ಈಗ ಕೈಯಿಂದ ಕೊಡ್ತಾ ಇದೀನಿ."

ಮಾರನೇ ದಿನ ಮಧ್ಯಾಹ್ನ ಮಿಲಾ ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಎಂಬ ಚಹಾದಂಥ ಸೊಪ್ಪು ತುಂಬಿದ ಸೋರೆಬುರುಡೆ ಹಿಡಿದುಕೊಂಡು ಇಳಿದು ಬಂದಳು. ಒಂದೇ ಕೊಳವೆಯಲ್ಲಿ ಸರದಿಯ ಮೇಲೆ ಹೀರುತ್ತ ಇಬ್ಬರೂ ಲೆಕ್ಕಕ್ಕೆ ಕೂತರು. ಮಿಲಾ ಹಾಳೆಯ ಮೇಲೆ ಬರೆದಳು: ಸೈಟ್ ಕಟ್ಟುವುದಕ್ಕೆ ಐನೂರಿಪ್ಪತ್ತು. ಹೆಸರು, ಜಾಗ ಎಲ್ಲ ಸೇರಿ ಮೂರು ವರ್ಷಕ್ಕೆ ನೂರೈವತ್ತು. ಫೋಟೊಗೆ ನೂರೈವತ್ತು. ಬರಹಕ್ಕೆ ಎಂಬತ್ತು. ಒಟ್ಟು ಒಂಬೈನೂರು ಡಾಲರ್.

"ಪೆಸೊದಲ್ಲಿ ಹೇಳಮ್ಮ. ನಾವಿರೋದು ಅರ್ಜೆಂಟೀನಾದಲ್ಲಿ."

"ಪೆಸೊದಲ್ಲಿ ಹೇಳಿ ಮುಗಿಸೋ ಅಷ್ಟರಲ್ಲಿ ದರ ಬದಲಾಗಿರುತ್ತೆ."

ಅದು ಸುಳ್ಳಲ್ಲ. ಎಂಬತ್ತೊಂಬತ್ತರಲ್ಲಿ ಇರ್ಮಾ ಪೇಷೆಂಟು ಬಂದಾಗ ಒಂದು ಫೀಸು ಹೇಳಿ, ಐವತ್ತು ನಿಮಿಷ ಮುಗಿದು ಅವರು ಎದ್ದಾಗ ಇನ್ನೊಂದು ಹೇಳಿದ್ದುಂಟು.

"ಫೋಟೊ ಯಾಕೆ?" ಇರ್ಮಾ ಕೇಳಿದಳು.

"ನಿಮ್ಮ ಮುಖ ನೋಡ್ಬೇಕಲ್ಲ ಜನ. ಸ್ವಲ್ಪ ನಗ್ತಾ ಇರೋ ಹಾಗೆ."

"ಮುಖದ ಮೇಲೆ ಏನೂ ಬರದ ಹಾಗೆ ಮೂವತ್ತೆಂಟು ವರ್ಷ ಅಭ್ಯಾಸ ಮಾಡಿದೀನಿ ಮಗೂ. ಈಗ ನಗು ಅಂದ್ರೆ ಎಲ್ಲಿಂದ ತರಲಿ?"

"ಸರಿ, ನಗಬೇಡಿ. ಪೇಷೆಂಟ್‌ಗಳ ಎರಡು ಒಳ್ಳೆ ಮಾತು ಹಾಕೋಣ್ವಾ? 'ಇವರಿಂದ ನನ್ನ ಬದುಕು ಬದಲಾಯ್ತು' ಅಂತ."

"ಅದನ್ನ ಹಾಕಿದರೆ ನನ್ನ ಲೈಸೆನ್ಸು ಹೋಗತ್ತೆ."

"ಹಾಗಾದ್ರೆ ಬರಹದ್ದೇ ತೊಂದರೆ." ಮಿಲಾ ಪೆನ್ನಿನ ಹಿಂಬದಿ ಕಚ್ಚಿದಳು. "ಮೊದಲ ಪುಟದಲ್ಲಿ ಮೂರು ಸಾಲು ಬೇಕೇ ಬೇಕು. ಊರಲ್ಲಿ ಇಷ್ಟೊಂದು ಜನ ಇರುವಾಗ ನಿಮ್ಮ ಹತ್ರಾನೇ ಯಾಕೆ ಬರಬೇಕು? ಅಷ್ಟೇ ಪ್ರಶ್ನೆ."

ಇರ್ಮಾ ಮಾಟೆಯ ಬುರುಡೆ ಕೈಗೆ ತೆಗೆದುಕೊಂಡಳು. ಬೇರೆಯವರ ಬದುಕನ್ನು ಮೂರು ಸಾಲಲ್ಲಿ ಹಿಡಿದಿಡಬಲ್ಲವಳಿಗೆ ತನ್ನದೊಂದು ಸಾಲೂ ಹೊಳೆಯಲಿಲ್ಲ. ಊರಿಗೆಲ್ಲ ಶಕುನ ಹೇಳುವ ಹಲ್ಲಿಯ ಪಾಡು ಇದು.

"ಬರೆಯೋನಿಗೆ ಎಂಬತ್ತು ಕೊಡೋಣ ಬಿಡು," ಎಂದಳು. "ಒಂಬೈನೂರು ನನ್ನ ಹತ್ರ ಇದೆ. ಗುರುವಾರ ಬಾ, ಕೊಡ್ತೀನಿ."

ಇದ್ದದ್ದು ನಿಜ. ಇದ್ದದ್ದು ಎಲ್ಲಿ ಎಂದರೆ, ಮಿಲಾ ಕೂತಿದ್ದ ದಿವಾನದ ಅಡಿಯಲ್ಲಿ.

ಆ ಒಂಬೈನೂರು ಡಾಲರ್ ಇಟಾಲೊ ಕೂಡಿಟ್ಟದ್ದು. ಎಂಬತ್ತೇಳರಿಂದ ತೊಂಬತ್ತೈದರ ತನಕ, ಪ್ರತಿ ಡಿಸೆಂಬರಿನಲ್ಲಿ ಬೋನಸ್ ಬಂದ ದಿನ, ಅವನು ಮೀಸೆ ತೀಡಿಕೊಂಡು ಪೇಟೆಗೆ ಹೋಗಿ ಒಂದೇ ಒಂದು ನೂರರ ನೋಟು ಕೊಂಡು ತರುತ್ತಿದ್ದ. ಬೇರೆಯವರ ಮನೆಯಲ್ಲಿ ಹಬ್ಬಕ್ಕೆ ಹಂದಿಮರಿ ಬೇಯುತ್ತಿದ್ದರೆ ಇವರ ಮನೆಯಲ್ಲಿ ಆ ನೋಟನ್ನು ಮೇಜಿನ ಮೇಲಿಟ್ಟು, ಅದರ ಮುಂದೆ ಕೂತು ಇಬ್ಬರೂ ಸೇಬಿನ ಸೈಡರ್ ಕುಡಿಯುತ್ತಿದ್ದರು. ತೊಂಬತ್ತಾರರಲ್ಲಿ ಪ್ರೆಸ್ಸು ಮುಚ್ಚಿತು, ಹತ್ತನೇ ನೋಟು ಬರಲಿಲ್ಲ. ಎರಡು ಸಾವಿರದ ಒಂದರ ಡಿಸೆಂಬರಿನಲ್ಲಿ ಬ್ಯಾಂಕುಗಳು ಜನರ ದುಡ್ಡಿನ ಮೇಲೆ ಬೀಗ ಜಡಿದು ಕೂತಾಗ ಇರ್ಮಾಳ ಉಳಿತಾಯವೆಲ್ಲ ಒಳಗೆ ಸಿಕ್ಕಿಹಾಕಿಕೊಂಡಿತು. ಉಳಿದದ್ದು ಒಂಬತ್ತು ನೋಟು.

"ಮನೇಲಿ ಬೇಡ," ಎಂದಿದ್ದ ಇಟಾಲೊ. "ಕಳ್ಳ ಮೊದಲು ಮನೆಗೇ ಬರೋದು. ನಿನ್ನ ಕೋಣೇಲಿ ಇಡು. ಅಲ್ಲಿ ಅಳು ಬಿಟ್ರೆ ಇನ್ನೇನಿರತ್ತೆ ಅಂತ ಯಾವನೂ ಬರಲ್ಲ."

ಅವನೇ ನೆಲದ ಮೇಲೆ ಮಲಗಿ, ದಿವಾನದ ತಳದ ಕರಿಬಟ್ಟೆಯ ಮೊಳೆ ಬಿಚ್ಚಿ, ನೋಟುಗಳನ್ನು ಬ್ರೆಡ್ಡಿನ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಳಗೆ ಸಿಕ್ಕಿಸಿದ. ಆವತ್ತಿನಿಂದ ಊರಿನ ದುಃಖವೆಲ್ಲ ಇರ್ಮಾಳ ಆಸ್ತಿಯ ಮೇಲೆ ಮಲಗತೊಡಗಿತು. ಕಷ್ಟಕಾಲಕ್ಕೆಂದು ಇಟ್ಟದ್ದು. ಕಷ್ಟ ಬಂದಾಗಲೆಲ್ಲ, ಇದಕ್ಕಿಂತ ದೊಡ್ಡದು ಮುಂದೆ ಇರಬಹುದು ಎಂದುಕೊಂಡು ಮುಟ್ಟದೆ ಬಿಟ್ಟಳು.

ಎರಡು ಸಾವಿರದ ಎರಡು ನೆನೆದರೆ ಇವತ್ತಿಗೂ ಅಲ್ಮಾಗ್ರೊದ ಜನ ತಲೆ ಅಲ್ಲಾಡಿಸುತ್ತಾರೆ, ಆಮೇಲೆ ಯಾಕೋ ನಗುತ್ತಾರೆ. ಯಾರ ಕೈಯಲ್ಲೂ ಕಾಸಿಲ್ಲ, ಆದರೆ ಥೆರಪಿ ಬಿಟ್ಟವರು ಕಡಿಮೆ. ಅನ್ನ ಇಲ್ಲದಿದ್ದರೂ ಅನ್ನ ಇಲ್ಲ ಎಂದು ಹೇಳಿಕೊಳ್ಳಲು ಒಬ್ಬರು ಬೇಕಲ್ಲ. ಪುಕ್ಕಟೆ ನೋಡುವ ಹಾಗಿಲ್ಲ ಎಂಬುದು ಈ ವೃತ್ತಿಯ ನೇಮ. ಏನನ್ನಾದರೂ ಕೊಡದೆ ಆಡಿದ ಮಾತಿಗೆ ಆಡಿದವನೇ ಬೆಲೆ ಕೊಡುವುದಿಲ್ಲ ಎನ್ನುತ್ತಾರೆ. ಹಾಗಾಗಿ ಆ ವರ್ಷ ಇರ್ಮಾಳಿಗೆ ಫೀಸಾಗಿ ಬಂದದ್ದು ಒಂದು ಡಜನ್ ಎಂಪನಾಡಾ ಕಡುಬು, ಮನೆಯಲ್ಲಿ ಕಾಸಿದ ಸೋಪು, ಎರಡು ಸಲ ಕೂದಲು ಕತ್ತರಿಸಿಕೊಡುವ ಮಾತು, ಒಮ್ಮೆ ಜೀವಂತ ಕೋಳಿ. ಮುಂದಿನ ಪೇಷೆಂಟು ಅಳುವಾಗ ಕೋಳಿ ಅಡುಗೆಮನೆಯಲ್ಲಿ ಕೊಕ್ಕೊಕ್ಕೊ ಎಂದಿತ್ತು. ಇರ್ಮಾಳ ಮುಖದ ಮೇಲೆ ಏನೂ ಬರಲಿಲ್ಲ. ಅಷ್ಟು ಚೆನ್ನಾಗಿದ್ದ ಕಾಲ ಆಮೇಲೆ ಬರಲಿಲ್ಲ ಎಂದು ಅವಳಿಗೆ ಈಗ ಅನಿಸುತ್ತದೆ. ಆಗ ಹಸಿವಿತ್ತು, ಆದರೆ ಬೆಲ್ ಬಾರಿಸುತ್ತಲೇ ಇತ್ತು.

ಗುರುವಾರ ನಾಲ್ಕು ಗಂಟೆಗೆ ಬರುತ್ತಿದ್ದವನು ಎವಾರಿಸ್ತೊ, ಮರ್ಯಾದೆಗೆ ದೋನ್ ಎವಾರಿಸ್ತೊ. ಸೋಫಾ, ಕುರ್ಚಿಗಳಿಗೆ ಕುಶನ್ ಹೊಲಿಯುವ ಕೆಲಸದವನು. ಹೆಂಡತಿ, ಇಬ್ಬರು ಮಕ್ಕಳು, ಕೆಲಸವಿಲ್ಲದೆ ಮುಚ್ಚಿದ ಅಂಗಡಿ. ಇರ್ಮಾಳನ್ನು ಡಾಕ್ಟ್ರೇ ಎಂದು ಕರೆಯುತ್ತಿದ್ದ. "ನಾನು ಡಾಕ್ಟರ್ ಅಲ್ಲ" ಎಂದರೆ "ನನ್ನ ಪಾಲಿಗೆ ಡಾಕ್ಟ್ರೇ" ಎನ್ನುತ್ತಿದ್ದ. ಆ ಜುಲೈನಲ್ಲಿ ಅವನಿಗೆ ಎಂಪನಾಡಾ ತರುವುದಕ್ಕೂ ಆಗದ ಹಾಗಾಯಿತು.

"ಡಾಕ್ಟ್ರೇ, ಈ ದಿವಾನದ ರೆಕ್ಸಿನ್ ಬೆನ್ನಿಗೆ ಚುಚ್ಚತ್ತೆ. ಮೂರು ವರ್ಷದಿಂದ ಹೇಳಬಾರದು ಅಂತ ಸುಮ್ಮನಿದ್ದೆ. ನಾನು ಹೊಸದಾಗಿ ಹೊಲಿದುಕೊಡ್ತೀನಿ. ಆರು ತಿಂಗಳ ಫೀಸು ಅಂತ ಇಟ್ಕೊಳ್ಳಿ."

ಇರ್ಮಾ ಒಪ್ಪಿದಳು. ಯಾವಾಗ ಎಂದು ಹೇಳಿರಲಿಲ್ಲ. ಶನಿವಾರ ಅವಳಿಲ್ಲದ ಹೊತ್ತಿನಲ್ಲಿ ಅವನು ಯಾರದೋ ಗಾಡಿ ತಂದು, ಕಟ್ಟಡದ ಕಾವಲಿನವನಿಂದ ಬಾಗಿಲು ತೆಗೆಸಿ, ದಿವಾನ ಹೊತ್ತುಕೊಂಡು ಹೋಗಿದ್ದ. ಸೋಮವಾರ ಬೆಳಿಗ್ಗೆ ಖಾಲಿ ನೆಲ ನೋಡಿ ಇರ್ಮಾ ಕಾವಲಿನವನನ್ನು ಕರೆದು ಕೇಳಿದಳು.

ಐದು ದಿನ. ಅವನ ವಿಳಾಸ ಗೊತ್ತಿತ್ತು, ನಡೆದರೆ ಇಪ್ಪತ್ತು ನಿಮಿಷ. ಆದರೆ ಪೇಷೆಂಟಿನ ಮನೆ ಬಾಗಿಲಿಗೆ ಹೋಗುವುದು ಈ ಕಸುಬಿನಲ್ಲಿ ಮಹಾಪಾಪ. ಅದಕ್ಕಿಂತ ದೊಡ್ಡದು ನಾಚಿಕೆ. ಹೋಗಿ ಏನೆಂದು ಹೇಳುವುದು? ನಿನ್ನ ಮಕ್ಕಳ ಬಾಯಿಯ ಕಡುಬನ್ನು ಫೀಸಾಗಿ ತಿಂದಾಗ ನನ್ನ ದಿವಾನದಲ್ಲಿ ಒಂಬೈನೂರು ಡಾಲರ್ ಇತ್ತಪ್ಪ ಎಂದೇ? ಪೇಷೆಂಟುಗಳನ್ನು ಮರದ ಕುರ್ಚಿಯ ಮೇಲೆ ಕೂರಿಸಿ ಕೇಳಿದಳು. ಒಂದು ಮಾತೂ ತಲೆಗೆ ಹೋಗಲಿಲ್ಲ.

ಶುಕ್ರವಾರ ದಿವಾನ ಬಂತು. ಹಸಿರು ಮಖಮಲ್ಲಿನದು. ಯಾವುದೋ ಹಳೇ ನಾಟಕಶಾಲೆಯ ಪರದೆಯಲ್ಲಿ ಉಳಿದ ಬಟ್ಟೆ ಎಂದ. ಹೊಲಿಗೆ ಎಷ್ಟು ನೇರವೆಂದರೆ ಇಟಾಲೊ ಬಂದು ನೋಡಿ, "ಸಾಲು ಜೋಡಿಸಿದ ಹಾಗಿದೆ" ಎಂದಿದ್ದ. ಎವಾರಿಸ್ತೊ ಹೋದ ಮೇಲೆ ಇರ್ಮಾ ಮಂಡಿಯೂರಿ ತಳದ ಬಟ್ಟೆಯನ್ನು ಒತ್ತಿದಳು. ಪ್ಲಾಸ್ಟಿಕ್ ಚೀಲ ಸರಪರ ಎಂದಿತು. ಅಲ್ಲೇ ಕೂತು ಅತ್ತಳು. ಎಣಿಸಲಿಲ್ಲ. ಎಣಿಸಿದರೆ ಅವನನ್ನು ಕಳ್ಳನೆಂದ ಹಾಗೆ.

ಅದರ ಮುಂದಿನ ಗುರುವಾರ ಎವಾರಿಸ್ತೊ ತಾನೇ ಹೊಲಿದ ಮಖಮಲ್ಲಿನ ಮೇಲೆ ಮಲಗಿ, ಚಾವಣಿ ನೋಡುತ್ತ ಹೇಳಿದ:

"ಡಾಕ್ಟ್ರೇ, ನಿಮ್ಮದನ್ನ ನಾನು ತಗೊಂಡಿದೀನಿ."

ಲೋಕದಲ್ಲಿ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಇದ್ದಾರೆ. ಇರ್ಮಾಳ ಕಸುಬಿನವರು ಅದರ ತಿರುಗುಮುರುಗು. ಹಸು ಈಯಿತು ಎಂದರೂ, ಹಸುವಿನ ಬಗ್ಗೆ ಯಾಕೆ ಯೋಚನೆ ಬಂತು ಎಂದು ಕೇಳುತ್ತಾರೆ.

"ತಗೊಂಡ ಹಾಗೆ ಅನಿಸ್ತಿದೆ," ಎಂದಳು ಇರ್ಮಾ.

"ಅನಿಸ್ತಿಲ್ಲ. ತಗೊಂಡಿದೀನಿ. ವಾಪಸು ಕೊಡ್ತೀನಿ."

ಇರ್ಮಾ ಸುಮ್ಮನಿದ್ದಳು. ಸುಮ್ಮನಿರುವುದೇ ಅವಳ ವಿದ್ಯೆ. ಸ್ವಲ್ಪ ಹೊತ್ತಿನ ಮೇಲೆ, "ಚಿಕ್ಕಂದಿನಲ್ಲಿ ನಿಮ್ಮ ಅಪ್ಪನ ಪೆಟ್ಟಿಗೆಯಿಂದ ಕತ್ತರಿ ತಗೊಂಡಿದ್ದು ಹೇಳಿದ್ರಿ," ಎಂದಳು. ಎವಾರಿಸ್ತೊ ನಿಟ್ಟುಸಿರು ಬಿಟ್ಟು ಅಪ್ಪನ ಬಗ್ಗೆ ಮಾತಾಡಿದ. ಮುಂದಿನ ಗುರುವಾರ ಮತ್ತೆ ಅದೇ ಮಾತು, ಮತ್ತೆ ಅಪ್ಪ. ಅದರ ಮುಂದಿನ ಗುರುವಾರವೂ ಅದೇ. ನಾಲ್ಕನೆಯ ಸಲವೂ ಅದನ್ನೇ ಹೇಳಿ, ಅವಳು ಮತ್ತೆ ಅಪ್ಪನನ್ನು ತಂದಾಗ ಅವನು ಎದ್ದು ಕೂತು, "ಇಷ್ಟು ಸಾಕು ಡಾಕ್ಟ್ರೇ," ಎಂದು ಟೋಪಿ ಹಾಕಿಕೊಂಡು ಹೊರಟುಹೋದ. ಆರು ತಿಂಗಳ ಫೀಸಿನಲ್ಲಿ ಒಂದೇ ತಿಂಗಳು ಬಳಸಿದ್ದ.

ಇರ್ಮಾ ಅದನ್ನು ನೋಟ್‌ಬುಕ್ಕಿನಲ್ಲಿ 'ತಪ್ಪಿತಸ್ಥ ಭಾವ, ತಂದೆ' ಎಂದು ಬರೆದಳು. ಮರು ವರ್ಷ ಸಹೋದ್ಯೋಗಿಗಳ ಓದುಕೂಟದಲ್ಲಿ ಹೆಸರು ಬದಲಿಸಿ ಇದೇ ಪ್ರಸಂಗದ ಮೇಲೆ ಹದಿನೆಂಟು ಪುಟದ ಪ್ರಬಂಧ ಓದಿದಳು. ಚಪ್ಪಾಳೆ ಬಿತ್ತು.

ಎರಡು ಸಾವಿರದ ಹದಿನಾರರ ಚಳಿಗಾಲದಲ್ಲಿ ಒಂದು ದಿನ ಬೆಲ್ ಆಯಿತು. ಬಾಗಿಲಲ್ಲಿ ನರೆತ ಎವಾರಿಸ್ತೊ, ಕೈಯಲ್ಲಿ ಸುತ್ತಿಗೆ ಚೀಲ.

"ದಿವಾನದ ಸ್ಪ್ರಿಂಗ್ ನೋಡಿ ಹೋಗೋಣ ಅಂತ ಬಂದೆ ಡಾಕ್ಟ್ರೇ. ಗ್ಯಾರಂಟಿ."

"ಹದಿನಾಲ್ಕು ವರ್ಷದ ಗ್ಯಾರಂಟಿಯಾ?"

"ಕೆಲಸ ನನ್ನದಲ್ವಾ. ಗ್ಯಾರಂಟಿನೂ ನನ್ನದೇ. ಅರ್ಧ ಗಂಟೆ ಆಚೆ ಕೋಣೇಲಿ ಇರಿ."

ಅರ್ಧ ಗಂಟೆ ಟಕಟಕ ಸದ್ದು ಕೇಳಿತು. ದುಡ್ಡು ಕೊಡಲು ಹೋದರೆ ಕೈ ಹಿಂದೆ ಕಟ್ಟಿಕೊಂಡ. ಬಾಗಿಲಲ್ಲಿ ನಿಂತು ಏನೋ ಹೇಳಲು ನೋಡಿದ. ಇರ್ಮಾ ರೂಢಿಯಂತೆ ಸುಮ್ಮನೆ ಕಾದಳು. ಅವನು ಹೇಳದೆ ಇಳಿದು ಹೋದ.

ಇದನ್ನೆಲ್ಲ ಮರೆತೇ ಬಿಟ್ಟಿದ್ದ ಇರ್ಮಾ, ಮಿಲಾಗೆ ಮಾತು ಕೊಟ್ಟ ಗುರುವಾರ ಮಧ್ಯಾಹ್ನ ದಿವಾನವನ್ನು ಪಕ್ಕಕ್ಕೆ ಒರಗಿಸಿ, ಅಡುಗೆಮನೆಯ ಚಾಕುವಿನಿಂದ ತಳದ ಬಟ್ಟೆ ಕಿತ್ತಳು. ಇಟಾಲೊ ಸುತ್ತಿದ ಬ್ರೆಡ್ಡಿನ ಚೀಲ ಹಾಗೇ ಇತ್ತು, ಬೇಕರಿಯ ಹೆಸರು ಮಾಸಿತ್ತು. ಆ ಬೇಕರಿಯೂ ಈಗಿಲ್ಲ. ಚೀಲವನ್ನು ಮೂಗಿಗೆ ಹಿಡಿದಳು. ಬ್ರೆಡ್ಡಿನ ವಾಸನೆಯೂ ಇಲ್ಲ, ಅವನ ಸಿಗರೇಟು ಬೆರಳಿನ ವಾಸನೆಯೂ ಇಲ್ಲ, ಬರೀ ಧೂಳು. ನೋಟು ಎಣಿಸಿದಳು, ಒಂಬತ್ತು ಇದ್ದವು. ಬಿಚ್ಚಿ ನೋಡದೆ ಮಡಿಕೆಯಲ್ಲೇ ಮಿಲಾಳ ಕೈಗಿಟ್ಟಳು.

ಮಿಲಾ ಈ ಊರಿನ ಹುಡುಗಿ. ಅವಳಿಗೆ ಡಾಲರನ್ನು ಬೆರಳಲ್ಲೇ ಓದಲು ಬರುತ್ತದೆ.

"ಅಯ್ಯೋ ಇರ್ಮಾ. ಇವು ಚಿಕ್ಕ ಮುಖದವು."

"ಯಾರ ಮುಖ?"

"ನೋಟಿನ ಮೇಲಿರೋ ಅಜ್ಜನ ಮುಖ. ತೊಂಬತ್ತಾರಕ್ಕೆ ಮುಂಚಿನ ನೋಟಲ್ಲಿ ಚಿಕ್ಕದಿರುತ್ತೆ. ಆಮೇಲಿಂದ ದೊಡ್ಡದು. ಅಮೆರಿಕಾದವರಿಗೆ ಎರಡೂ ಒಂದೇ. ನಮ್ಮೂರ ಡಾಲರ್ ಅಂಗಡಿಯವರಿಗೆ ಮಾತ್ರ ಚಿಕ್ಕ ಮುಖ ಕಂಡ್ರಾಗಲ್ಲ. ನೂರಕ್ಕೆ ಹತ್ತು ಹಿಡ್ಕೊತಾರೆ."

"ನನ್ನ ಗಂಡ ಹಬ್ಬ ಬಿಟ್ಟು ತಂದ ನೋಟಮ್ಮ ಅವು."

"ಗೊತ್ತು. ಆದ್ರೆ ಅಂಗಡಿಯವನಿಗೆ ಗೊತ್ತಿಲ್ವಲ್ಲ." ಮಿಲಾ ಮೇಜಿನ ಮೇಲೆ ನೋಟು ಹರಡಿದಳು. "ಎಂಟು ಚಿಕ್ಕ ಮುಖ. ತೊಂಬತ್ತರ ಹಾಗೆ ಏಳುನೂರಿಪ್ಪತ್ತು. ಇದೊಂದು ನೀಲಿ, ಇದಕ್ಕೆ ಪೂರ್ತಿ ನೂರು. ಒಟ್ಟು ಎಂಟುನೂರಿಪ್ಪತ್ತು. ಎಂಬತ್ತು ಕಮ್ಮಿ ಬಿತ್ತು."

"ನೀಲಿ ಯಾವುದು?"

"ಇದು ನೋಡಿ. ಮಧ್ಯೆ ನೀಲಿ ಪಟ್ಟಿ, ದೊಡ್ಡ ಮುಖ. ಇದು ಬಂದಿದ್ದೇ ಎರಡು ಸಾವಿರದ ಹದಿಮೂರರಲ್ಲಿ."

"ಆಗಲ್ಲ," ಎಂದಳು ಇರ್ಮಾ. "ಇವನ್ನ ಇಟ್ಟಿದ್ದು ಎರಡು ಸಾವಿರದ ಒಂದರಲ್ಲಿ. ಇಟ್ಟವನು ಹದಿಮೂರರಷ್ಟು ಹೊತ್ತಿಗೆ ಬದುಕೇ ಇರಲಿಲ್ಲ."

"ಹಾಗಾದ್ರೆ ಯಾರೋ ಒಂದು ತೆಗೆದು, ಆಮೇಲೆ ಬೇರೆ ಇಟ್ಟಿದಾರೆ. ಈ ದಿವಾನ ಯಾರು ಬಿಚ್ಚಿದ್ರು?"

ಇರ್ಮಾ ನೀಲಿ ಪಟ್ಟಿಯ ನೋಟನ್ನು ಎತ್ತಿಕೊಂಡಳು. ಟಕಟಕ ಸದ್ದು ಕಿವಿಯಲ್ಲಿ ಕೇಳಿಸಿತು. 'ಅನಿಸ್ತಿಲ್ಲ. ತಗೊಂಡಿದೀನಿ. ವಾಪಸು ಕೊಡ್ತೀನಿ.' ಮನುಷ್ಯ ಇದಕ್ಕಿಂತ ಬಿಡಿಸಿ ಹೇಗೆ ಹೇಳಬೇಕಿತ್ತು? ಸಾಲಾಗಿ ನಾಲ್ಕು ಗುರುವಾರ ಹೇಳಿದ. ಅವಳು ನಾಲ್ಕು ಗುರುವಾರವೂ ಅವನ ಸತ್ತ ಅಪ್ಪನನ್ನು ಎಬ್ಬಿಸಿ ತಂದು ಮಧ್ಯೆ ನಿಲ್ಲಿಸಿದಳು. ಹದಿನೆಂಟು ಪುಟ ಬರೆದಳು. ಕೇಳಿಸದೆ ಇದ್ದದ್ದಲ್ಲ. ಡಾಲರಿನ ಮಾತು ಆ ಕೋಣೆಯಲ್ಲಿ ಬರಬಾರದೆಂದು ಅವಳಿಗೇ ಬೇಕಾಗಿತ್ತು. ಬಂದಿದ್ದರೆ ಕಡುಬಿನ ಮಾತೂ ಬರುತ್ತಿತ್ತು. ಅರವತ್ತೆಂಟು ವರ್ಷದ ಹೆಂಗಸು ತನ್ನ ಮೇಜಿನ ಮುಂದೆ ನಾಚಿಕೆಯಿಂದ ಕಿವಿ ತನಕ ಕೆಂಪಾದಳು.

"ಯಾರು ಅಂತ ಗೊತ್ತಾ?" ಮಿಲಾ ಮೆಲ್ಲಗೆ ಕೇಳಿದಳು.

"ಗೊತ್ತು. ಹೇಳೋ ಹಾಗಿಲ್ಲ." ಇರ್ಮಾ ನೋಟುಗಳನ್ನು ಅವಳತ್ತ ಸರಿಸಿದಳು. "ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಎಂಬತ್ತು ಕಮ್ಮಿ ಅಂದ್ಯಲ್ಲ, ಬರೆಯೋನ ಎಂಬತ್ತು ಹೊಡೆದುಹಾಕು. ಆ ಸಾಲು ನಾನೇ ಬರೀತೀನಿ."

"ಮೂರು ಸಾಲು."

"ಒಂದು ಸಾಕು."

ಮಿಲಾ ಹಾಳೆಯಲ್ಲಿ ಒಂದು ಗೆರೆ ಎಳೆದಳು. ಇರ್ಮಾ ಅದರ ಕೆಳಗೆ, ಇಟಾಲೊ ಕಲಿಸಿದ ಅಚ್ಚುಕಟ್ಟಾದ ಅಕ್ಷರದಲ್ಲಿ ಬರೆದಳು: 'ನೀವು ಹೇಳಿದ್ದನ್ನು ಮೊದಲು ನೀವು ಹೇಳಿದ ಹಾಗೆಯೇ ಕೇಳಿಸಿಕೊಳ್ಳುತ್ತೇನೆ.'

ಮಿಲಾ ಎರಡು ಸಲ ಓದಿದಳು. "ಎಂಬತ್ತು ಡಾಲರಿನವನು ಇದನ್ನ ಬರೀತಿರ್ಲಿಲ್ಲ," ಎಂದು ಹಾಳೆ ಮಡಿಚಿಕೊಂಡು ಹೋದಳು.

ಅವಳು ಹೋದ ಮೇಲೆ ಇರ್ಮಾ ಕಪಾಟಿನಿಂದ ಹಳೇ ಟೆಲಿಫೋನ್ ಪುಸ್ತಕ ತೆಗೆದಳು. ಪೇಷೆಂಟಿಗೆ ತಾನಾಗಿ ಫೋನ್ ಮಾಡಬಾರದು ಎಂದು ವಿದ್ಯಾರ್ಥಿಗಳಿಗೆ ಪಾಠ ಹೇಳಿಕೊಟ್ಟವಳು ಅವಳು. ಸಂಖ್ಯೆ ತಿರುಗಿಸಿದಳು. ಆರನೇ ರಿಂಗಿಗೆ ಮುದಿ ದನಿಯೊಂದು ಎತ್ತಿಕೊಂಡಿತು.

"ದೋನ್ ಎವಾರಿಸ್ತೊ, ನಾನು ಇರ್ಮಾ ಬ್ರುಸ್ಕೊ. ನಿಮ್ಮ ಗುರುವಾರ ನಾಲ್ಕು ಗಂಟೆ ಖಾಲಿ ಇದೆ."

"ಇಪ್ಪತ್ತೆರಡು ವರ್ಷದಿಂದ ಖಾಲಿ ಇಟ್ಟಿದೀರಾ ಡಾಕ್ಟ್ರೇ?"

"ಐದು ತಿಂಗಳ ಫೀಸು ನನ್ನ ಹತ್ರ ಉಳಿದಿದೆ ನಿಮ್ಮದು."

"ಅದು ಆಗಿನ ದರ. ಈಗ ನನಗೆ ಪೆನ್ಶನ್ ಬಿಟ್ರೆ ಏನಿಲ್ಲ."

"ದಿವಾನದ ತಳ ಕಿತ್ತು ಹೋಗಿದೆ. ಹೊಡೆದುಕೊಡೋರು ಬೇಕು."

"ಮೊಳೆ ತರ್ತೀನಿ," ಎಂದು ಅವನು ಫೋನಿಟ್ಟ.

ಆದರೆ ಅವನು ಮುಂದಿನ ಗುರುವಾರ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ನಾಲ್ಕರಿಂದ ಐದರ ತನಕ ಇರ್ಮಾ ತನ್ನ ಕುರ್ಚಿಯಲ್ಲಿ ಕೂತು ಕಾದಳು. ಆ ಹೊತ್ತಿಗೆ ಬೇರೆ ಯಾರನ್ನೂ ಹಾಕಿಕೊಳ್ಳಲಿಲ್ಲ. ನಡುವೆ ವೆಬ್‌ಸೈಟ್ ಸಿದ್ಧವಾಯಿತು. ಫೋಟೊದಲ್ಲಿ ಅವಳು ನಕ್ಕಿರಲಿಲ್ಲ. ಹಸಿರು ದಿವಾನದ ಪಕ್ಕ ನೆಟ್ಟಗೆ ನಿಂತಿದ್ದಳು, ಕೆಳಗೆ ಆ ಒಂದು ಸಾಲು. ಏಪ್ರಿಲ್ ಎರಡನೇ ವಾರದಲ್ಲಿ ಒಬ್ಬ ಬಸ್ ಡ್ರೈವರು ಅದನ್ನು ನೋಡಿ ಬಂದ. ಮೂರನೇ ವಾರದಲ್ಲಿ ಒಬ್ಬಳು ಶಾಲೆ ಟೀಚರು ಬಂದಳು. "ಆ ಸಾಲು ಓದಿ ಬಂದೆ," ಎಂದಳು ಟೀಚರು, "ಅಷ್ಟು ಮಾಡೋರು ನಮ್ಮನೇಲಿ ಯಾರೂ ಇಲ್ಲ." ಅಲ್ಲಿಗೆ ಏಳು ಜನ. ಮನೆ ಒಡತಿ ಎರಡು ಸಲ ಫೋನ್ ಮಾಡಿದಳು. ಇರ್ಮಾ ಮೊಳೆ ತರುತ್ತೇನೆಂದವನನ್ನು ಅರ್ಧ ಎಂದು ಹಿಡಿದು, ಏಳೂವರೆಯ ಧೈರ್ಯದ ಮೇಲೆ ಎರಡು ವರ್ಷಕ್ಕೆ ಸಹಿ ಹಾಕಿದಳು.

ಏಪ್ರಿಲ್ ಕೊನೆಯ ಗುರುವಾರ ನಾಲ್ಕಕ್ಕೆ ಐದು ನಿಮಿಷ ಇರುವಾಗ ಬೆಲ್ ಆಯಿತು. ಎವಾರಿಸ್ತೊ ಮೆಟ್ಟಿಲು ಹತ್ತಲು ಬಹಳ ಹೊತ್ತು ತೆಗೆದುಕೊಂಡ. ಕೋಣೆಯೊಳಗೆ ಬಂದವನೇ ಟೋಪಿ ತೆಗೆಯುವ ಮೊದಲು ಬಗ್ಗಿ ದಿವಾನದ ತಳ ನೋಡಿದ.

"ಯಾರು ಹೀಗೆ ಕಿತ್ತಿದ್ದು? ನಾಯಿ ಕಿತ್ತ ಹಾಗಿದೆ."

"ನಾನೇ."

ಅವನು ಮೊಳೆಯ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಮೆಲ್ಲಗೆ ಮಲಗಿ, ಹಳೇ ಜಾಗದಲ್ಲಿ ತಲೆ ಇಟ್ಟು ಚಾವಣಿ ನೋಡಿದ. ಇರ್ಮಾ ಅವನ ತಲೆಯ ಹಿಂದಿನ ಕುರ್ಚಿಯಲ್ಲಿ ಕೂತಳು.

"ಡಾಕ್ಟ್ರೇ, ನಾನು ಇದರೊಳಗಿಂದ ನೂರು ಡಾಲರ್ ತೆಗೆದಿದ್ದೆ."

ನಾಲಿಗೆಯ ತುದಿಗೆ ಮೂವತ್ತೆಂಟು ವರ್ಷದ ರೂಢಿ ಬಂದು ನಿಂತಿತು. ಇರ್ಮಾ ಅದನ್ನು ನುಂಗಿದಳು.

"ಹೌದು. ತೆಗೆದಿದ್ರಿ. ನೀವು ನಾಲ್ಕು ಸಲ ಹೇಳಿದ್ರಿ. ನಾನು ಕೇಳಿಸ್ಕೊಳ್ಳಲಿಲ್ಲ."

ಎವಾರಿಸ್ತೊನ ಕೈಗಳು ಎದೆಯ ಮೇಲೆ ಒಂದನ್ನೊಂದು ಹಿಡಿದುಕೊಂಡವು. "ಹೊಲಿದುಕೊಡ್ತೀನಿ ಅಂತ ಜಂಬದಿಂದ ಹೇಳಿಬಿಟ್ಟಿದ್ದೆ. ಹೊಲಿಗೆ ಮೆಷಿನ್ ಮನೇಲಿರ್ಲಿಲ್ಲ. ಅಡ ಇಟ್ಟಿದ್ದೆ. ದಿವಾನ ಮನೇಲಿ, ಮೆಷಿನ್ ಗಿರವಿ ಅಂಗಡೀಲಿ. ತಳ ಬಿಚ್ಚಿದ್ರೆ ಈ ಚೀಲ. ಎರಡು ದಿನ ಅದನ್ನ ನೋಡ್ಕೊಂಡು ಕೂತಿದ್ದೆ. ಎಲ್ಲಾ ತಗೊಂಡು ಓಡಿಹೋಗು ಅಂತಾನೂ ಅನ್ನಿಸ್ತು. ಒಂದು ತೆಗೆದು ಮೆಷಿನ್ ಬಿಡಿಸ್ಕೊಂಡು ಬಂದೆ. ಅದರಲ್ಲೇ ಇದನ್ನ ಹೊಲಿದೆ. ಆಮೇಲೆ ಅದೇ ಮೆಷಿನ್ನಲ್ಲಿ ಇಬ್ಬರು ಮಕ್ಕಳನ್ನೂ ದಡ ಹತ್ತಿಸಿದೆ. ವಾಪಸು ಇಡೋಕೆ ಹದಿನಾಲ್ಕು ವರ್ಷ ಹಿಡೀತು. ಅಂಥ ನೋಟು ಸಿಗಲಿಲ್ಲ, ಹೊಸದು ಇಟ್ಟೆ."

"ಹೊಸದಕ್ಕೇ ಬೆಲೆ ಜಾಸ್ತಿಯಂತೆ," ಎಂದಳು ಇರ್ಮಾ. ದನಿ ಒಡೆದಿತ್ತು. ಅದನ್ನು ಮುಚ್ಚಿಕೊಳ್ಳಲು ಹೋಗಲಿಲ್ಲ.

ಆಮೇಲೆ ಎವಾರಿಸ್ತೊ, ಇಷ್ಟು ವರ್ಷ ಕೇಳಲಾಗದೆ ಇಟ್ಟುಕೊಂಡದ್ದನ್ನು ಕೇಳಿದ.

"ನೀವು ಎಣಿಸಿದ್ರಾ ಡಾಕ್ಟ್ರೇ? ಒಂಬತ್ತೂ ಇತ್ತಾ?"

"ಎಣಿಸಿದೆ ದೋನ್ ಎವಾರಿಸ್ತೊ. ಒಂಬತ್ತೂ ಇತ್ತು."

ಅವನು ಹಸಿರು ಮಖಮಲ್ಲಿಗೆ ಮುಖ ತಿರುಗಿಸಿಕೊಂಡು ಅತ್ತ.